ಗಾಡಿ ನೆಟ್ಟಗೆ ಮೇಲೇರುವುದಿಲ್ಲ

ಉದ್ದದ ಸ್ಪ್ರಿಂಗ್ ಹಾಕಿ ಲಿಫ್ಟ್ ಮಾಡಿದ ಗಾಡಿ ಹೆದ್ದಾರಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲೆಯತೊಡಗಿದರೆ ಸಿಗುವ ಸಲಹೆ ಒಂದೇ: ‘ಅಲೈನ್‌ಮೆಂಟ್ ಮಾಡಿಸಿ, ಸರಿಹೋಗುತ್ತೆ.’ ಸರಿಹೋಗುವುದಿಲ್ಲ. ಮುಂದೆ ಗಟ್ಟಿ ಆ್ಯಕ್ಸಲ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ದಂಡ) ಇರುವ ಬಹುಪಾಲು ಗಾಡಿಗಳಲ್ಲಿ ಅಲೈನ್‌ಮೆಂಟ್‌ನವರ ಕೈಗೆ ಸಿಗುವುದು ಟೋ (ಮೇಲಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಒಂದೇ. ಲಿಫ್ಟ್ ಕೆಡಿಸಿರುವುದು ಬೇರೆ ಏನನ್ನೋ.

ಚಾಸಿ (ಗಾಡಿಯ ಚೌಕಟ್ಟು) ಮೇಲೇರಿದಷ್ಟೇ ಆ್ಯಕ್ಸಲ್ ನೆಟ್ಟಗೆ ಕೆಳಗುಳಿಯುತ್ತದೆ ಎಂಬ ಭಾವನೆಯಲ್ಲೇ ತಪ್ಪಿದೆ. ಆ್ಯಕ್ಸಲ್ಲನ್ನು ಹಿಡಿದಿರುವ ಪ್ರತಿಯೊಂದು ಸರಳಿನ ಒಂದು ತುದಿ ಚಾಸಿಯ ಕೀಲಿನಲ್ಲಿ ಸಿಕ್ಕಿಕೊಂಡಿದೆ. ಹಾಗೆ ಸಿಕ್ಕಿಕೊಂಡದ್ದು ಕೈವಾರದ ಪೆನ್ಸಿಲ್‌ನಂತೆ ಕಮಾನಿನಲ್ಲಷ್ಟೇ ಓಡಾಡಬಲ್ಲದು.

ಮೊದಲು ಕ್ಯಾಸ್ಟರ್. ಚಕ್ರ ಎಡಬಲಕ್ಕೆ ತಿರುಗುವ ಕಿಂಗ್‌ಪಿನ್ ಅಕ್ಷ ಹಿಂದಕ್ಕೆ ವಾಲಿರುವ ಕೋನ ಇದು. ಆ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಮುಟ್ಟುವ ಬಿಂದು, ಟೈರು ನೆಲಕ್ಕೆ ತಾಗುವ ಜಾಗಕ್ಕಿಂತ ಸ್ವಲ್ಪ ಮುಂದಿರುತ್ತದೆ; ಈ ಅಂತರವನ್ನು ಹಿನ್ನಡೆ ಎನ್ನೋಣ. ಅಂದರೆ ಟೈರು ಸದಾ ಅಕ್ಷದ ಹಿಂದೆ ಎಳೆಸಿಕೊಂಡು ಬರುತ್ತದೆ: ತಳ್ಳಿದ ಕುರ್ಚಿಯ ಗಾಲಿ ತಾನೇ ಹಿಂದಕ್ಕೆ ತಿರುಗಿಕೊಳ್ಳುವ ಹಾಗೆ, ಹಗ್ಗ ಹಿಡಿದು ಎಳೆದ ಆಟಿಕೆ ನೇರವಾಗಿ ಹಿಂಬಾಲಿಸುವ ಹಾಗೆ. ಕೈ ಬಿಟ್ಟು ಸೈಕಲ್ ಓಡಿಸಲು ಆಗುವುದೂ ಇದರಿಂದಲೇ ಎಂದು ಸೇರಿಸುವವರಿದ್ದಾರೆ. ಅದು ಅಷ್ಟು ಸರಳವಲ್ಲ. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ರಸಾಯನವಿಜ್ಞಾನಿ ಯಾರೂ ಓಡಿಸಲಾಗದ ಸೈಕಲ್ ಕಟ್ಟಲು ಹೊರಟು, ಗುಟ್ಟು ಈ ಹಿನ್ನಡೆಯಲ್ಲಿದೆ ಎಂಬ ತೀರ್ಮಾನಕ್ಕೆ ಬಂದ. 2011ರಲ್ಲಿ ಇನ್ನೊಂದು ತಂಡ, ಹಿನ್ನಡೆಯೇ ಇಲ್ಲದ ಸೈಕಲ್ ಕೂಡ ತಾನೇ ನೆಟ್ಟಗೆ ಓಡುವುದನ್ನು ಮಾಡಿ ತೋರಿಸಿತು. ನಾಲ್ಕು ಚಕ್ರದ ಗಾಡಿಗೆ ಬೀಳುವ ಭಯವಿಲ್ಲ. ಅಲ್ಲಿ ಸ್ಟಿಯರಿಂಗನ್ನು ನಡುವಿಗೆ ಮರಳಿಸುವ ಕೆಲಸದಲ್ಲಿ ದೊಡ್ಡ ಪಾಲು ಕ್ಯಾಸ್ಟರ್‌ನದೇ.

ಲೆಕ್ಕ ಹಾಕಿ. ಜಿಮ್ನಿ, ಲ್ಯಾಂಡ್ ಕ್ರೂಸರ್ 80ರಂಥ ಗಾಡಿಗಳಲ್ಲಿ ಆ್ಯಕ್ಸಲ್‌ನಿಂದ ಹಿಂದಕ್ಕೆ ಹೋಗಿ ಚಾಸಿಗೆ ಸೇರುವ ಎರಡು ರೇಡಿಯಸ್ ಆರ್ಮ್‌ಗಳಿವೆ. ಆರ್ಮ್ ತಿರುಗಿದಷ್ಟೇ ಆ್ಯಕ್ಸಲ್ಲೂ ತಿರುಗುತ್ತದೆ. ಆರ್ಮ್ 900 ಮಿ.ಮೀ. ಉದ್ದವಿದ್ದು ಗಾಡಿಯನ್ನು 75 ಮಿ.ಮೀ. ಎತ್ತಿದರೆ ಸುಮಾರು 4.8 ಡಿಗ್ರಿ ಕ್ಯಾಸ್ಟರ್ ಹೋಯಿತು. ಮೊದಲಿದ್ದದ್ದು 5 ಡಿಗ್ರಿಯಾದರೆ ಉಳಿದದ್ದು 0.2. ಚಕ್ರದ ತ್ರಿಜ್ಯ 400 ಮಿ.ಮೀ. ಆಗಿದ್ದರೆ 35 ಮಿ.ಮೀ. ಇದ್ದ ಹಿನ್ನಡೆ ಒಂದೂವರೆ ಮಿ.ಮೀ.ಗೆ ಇಳಿಯಿತು. ತಿರುವಿನಲ್ಲಿ ಸ್ಟಿಯರಿಂಗ್ ಬಿಟ್ಟರೆ ಅದು ವಾಪಸ್ ಬರದೆ ಅಲ್ಲೇ ನಿಲ್ಲುವುದು ಇದಕ್ಕೇ.

ಮದ್ದು ಏನು? ರಂಧ್ರ ನಡುವಿನಲ್ಲಿರದ ಕ್ಯಾಸ್ಟರ್ ಬುಶ್ (ಕೀಲಿನೊಳಗೆ ಕೂರುವ ಮೆತ್ತನೆಯ ಕೊಳವೆ) ಹಾಕಿ ಎರಡು ಮೂರು ಡಿಗ್ರಿ ಮರಳಿ ಪಡೆಯಬಹುದು. ಆದರೆ ಹೀಗೆ ಆ್ಯಕ್ಸಲ್ ತಿರುಗಿಸಿದಾಗ ಡಿಫರೆನ್ಶಿಯಲ್‌ನ (ಆ್ಯಕ್ಸಲ್ ನಡುವಿನ ಗೇರ್ ಪೆಟ್ಟಿಗೆಯ) ಮೂತಿ ಕೆಳಗಾಗಿ, ಅದಕ್ಕೆ ಎಂಜಿನ್ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್ ಹೆಚ್ಚು ಬಾಗುತ್ತದೆ, ಶಾಫ್ಟ್ ನಡುಗತೊಡಗುತ್ತದೆ. ಆರ್ಮ್ ಚಾಸಿಗೆ ಸೇರುವ ಜಾಗವನ್ನೇ ಬ್ರಾಕೆಟ್ ಹಾಕಿ ಕೆಳಗಿಳಿಸಿದರೆ ಕ್ಯಾಸ್ಟರ್ ಪೂರ್ತಿ ಮರಳುತ್ತದೆ, ಆರ್ಮಿನ ಓರೆಯೂ ಹೋಗುತ್ತದೆ; ಶಾಫ್ಟಿನ ಬಾಗು ಮಾತ್ರ ಇಲ್ಲೂ ಉಳಿಯುತ್ತದೆ. ಬ್ರಾಕೆಟ್ ಕಲ್ಲಿಗೆ ಬಡಿಯುವುದನ್ನೂ ಒಪ್ಪಿಕೊಳ್ಳಬೇಕು.

ಇನ್ನು ಪ್ಯಾನ್‌ಹಾರ್ಡ್ ರಾಡ್, ಆ್ಯಕ್ಸಲ್ ಪಕ್ಕಕ್ಕೆ ಸರಿಯದಂತೆ ಅಡ್ಡಲಾಗಿ ಹಿಡಿದಿರುವ ಸರಳು. ಗೋಡೆಗೆ ಒರಗಿಸಿದ ಏಣಿಯ ಮೇಲ್ತುದಿಯನ್ನು ಎತ್ತರಿಸಿದರೆ ಬುಡ ಗೋಡೆಯತ್ತ ಬರಲೇಬೇಕಲ್ಲ? ಇಲ್ಲಿ ಆಗುವುದೂ ಅದೇ: ರಾಡ್ ಚಾಸಿಗೆ ಸೇರಿರುವ ಪಕ್ಕಕ್ಕೆ ಆ್ಯಕ್ಸಲ್ ಸರಿಯುತ್ತದೆ. 850 ಮಿ.ಮೀ. ರಾಡಿನ ಎರಡು ತುದಿಗಳ ಎತ್ತರದ ಅಂತರ 100ರಿಂದ 175 ಮಿ.ಮೀ.ಗೆ ಏರಿದರೆ ಸರಿತ ಸುಮಾರು 12 ಮಿ.ಮೀ. ಇನ್ನೊಂದು 75 ಎತ್ತಿದರೆ ಮತ್ತೆ 19. ರಾಡ್ ಮೊದಲು ಮಟ್ಟವಾಗಿಯೇ ಇದ್ದಿದ್ದರೆ ಮೊದಲ 75ಕ್ಕೆ ಬರೀ 3! ಅದಕ್ಕೇ ಓರೆಯಾದಷ್ಟೂ ಕಾಟ ಜಾಸ್ತಿ.

ಉದ್ದ ಹೊಂದಿಸಬಹುದಾದ ರಾಡ್ ಹಾಕಿದರೆ ಆ್ಯಕ್ಸಲ್ ನಡುವಿಗೆ ಬರುತ್ತದೆ, ಆದರೆ ಓರೆ ಉಳಿಯುತ್ತದೆ. ಸ್ಟಿಯರಿಂಗ್ ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕ್ ಈ ರಾಡಿಗೆ ಸಮಾನಾಂತರವಾಗಿರಬೇಕು. ಪಿಟ್‌ಮನ್ ಆರ್ಮ್ (ಸ್ಟಿಯರಿಂಗ್ ಬಾಕ್ಸಿನಿಂದ ಹೊರಟು ಡ್ರ್ಯಾಗ್ ಲಿಂಕನ್ನು ಆಡಿಸುವ ತೋಳು) ಬದಲಿಸಿ ಡ್ರ್ಯಾಗ್ ಲಿಂಕ್ ಒಂದನ್ನೇ ಮಟ್ಟ ಮಾಡಿದರೆ ಎರಡೂ ಬೇರೆ ಬೇರೆ ಕಮಾನು ಎಳೆಯುತ್ತವೆ; ಪ್ರತಿ ಗುಂಡಿಯಲ್ಲೂ ಚಕ್ರ ತಾನಾಗಿ ತಿರುಗುತ್ತದೆ. ಇಳಿಸುವುದಾದರೆ ಎರಡರ ಮೇಲ್ತುದಿಯನ್ನೂ ಇಳಿಸಿ.

ಗಂಟೆಗೆ 70 ಕಿ.ಮೀ. ಆಸುಪಾಸಿನಲ್ಲಿ ಗುಂಡಿ ಹಾರಿಸಿದ ಕೂಡಲೇ ಇಡೀ ಮುಂಭಾಗ ಗಡಗಡ ಅಲುಗಿದರೆ ಹೊಸ ಸ್ಟಿಯರಿಂಗ್ ಡ್ಯಾಂಪರ್ (ಸ್ಟಿಯರಿಂಗಿನ ಅಲುಗಾಟ ತಗ್ಗಿಸುವ ಶಾಕ್ ಅಬ್ಸಾರ್ಬರ್) ಕೊಳ್ಳಲು ಓಡಬೇಡಿ. ಅದು ರೋಗವನ್ನು ಮುಚ್ಚಿಡುತ್ತದೆ. ಚಕ್ರಗಳು ನೆಲದ ಮೇಲಿದ್ದು ಎಂಜಿನ್ ಓಡುತ್ತಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಒಬ್ಬರು ಸ್ಟಿಯರಿಂಗನ್ನು ಚೂರು ಎಡಕ್ಕೆ, ಚೂರು ಬಲಕ್ಕೆ ಆಡಿಸುತ್ತಿದ್ದರೆ ಇನ್ನೊಬ್ಬರು ಪ್ಯಾನ್‌ಹಾರ್ಡ್ ರಾಡಿನ ತುದಿಯನ್ನು ನೋಡಬೇಕು. ಬೋಲ್ಟ್ ‘ಟಕ್ ಟಕ್’ ಎಂದು ಸರಿಯುತ್ತಿದ್ದರೆ ರಂಧ್ರ ಮೊಟ್ಟೆಯಾಕಾರಕ್ಕೆ ಸವೆದಿದೆ. ಬಿಗಿ ಮಾಡಿ ಉಪಯೋಗವಿಲ್ಲ, ಬ್ರಾಕೆಟ್ ದುರಸ್ತಿಯೇ ಆಗಬೇಕು. ಬಳಿಕ ನೋಡಬೇಕಾದದ್ದು ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಟೈ ರಾಡಿನ ತುದಿಗಳು, ಬಾಲ್ ಜಾಯಿಂಟ್‌ಗಳು.

ಮುಂದೆ ಸ್ವತಂತ್ರ ಸಸ್ಪೆನ್ಷನ್ ಇದ್ದರೆ ಕಥೆ ಬೇರೆ: ಮೇಲಿನ, ಕೆಳಗಿನ ಆರ್ಮ್‌ಗಳ ಉದ್ದ ಬೇರೆಯಾದ್ದರಿಂದ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಕೂಡ ಕೆಡುತ್ತದೆ, ಸಿವಿ ಜಾಯಿಂಟ್ (ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ಕೀಲು) ಮಿತಿಮೀರಿ ಬಾಗುತ್ತದೆ. ಅಲ್ಲಿ ಕ್ಯಾಂಬರ್ ಸರಿಪಡಿಸಲು ಮೇಲಿನ ಆರ್ಮ್ ಬದಲಿಸುವುದು ಸಾಮಾನ್ಯ ದಾರಿ.

ಕೆಲಸದ ಕ್ರಮ ತಪ್ಪಿಸಬಾರದು. ಮೊದಲು ಆ್ಯಕ್ಸಲ್ ನಡುವಿಗೆ, ಆಮೇಲೆ ಕ್ಯಾಸ್ಟರ್, ಆಮೇಲೆ ಟೋ, ಕೊನೆಗೆ ಡ್ರ್ಯಾಗ್ ಲಿಂಕಿನಿಂದ ಸ್ಟಿಯರಿಂಗ್ ನೆಟ್ಟಗೆ. ಟೈ ರಾಡ್ ಡ್ರ್ಯಾಗ್ ಲಿಂಕಿನ ಮಧ್ಯಕ್ಕೆ ಸೇರುವ ಗಾಡಿಗಳಲ್ಲಿ ಡ್ರ್ಯಾಗ್ ಲಿಂಕನ್ನು ಮುಟ್ಟಿದರೆ ಟೋ ಕೂಡ ಬದಲಾಗುತ್ತದೆ, ಮತ್ತೆ ಅಳೆಯಿರಿ. ರಬ್ಬರ್ ಬುಶ್‌ನ ಬೋಲ್ಟ್‌ಗಳನ್ನು ಜಾಕ್ ಮೇಲಿದ್ದಾಗ ಪೂರ್ತಿ ಬಿಗಿಯಬೇಡಿ. ಗಾಡಿ ಇಳಿಸಿ, ಹತ್ತಡಿ ಹಿಂದೆ ಮುಂದೆ ಓಡಿಸಿ, ಭಾರ ಚಕ್ರದ ಮೇಲೆ ಕೂತ ಮೇಲೆ ಬಿಗಿಯಿರಿ. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗನೆ ಹರಿಯುತ್ತದೆ.