‘ಪಾಪ’ ಅಂತ ಅಂಕ ಕೊಡಬೇಡಿ
ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಹುಬ್ಬಳ್ಳಿ, ಧಾರವಾಡ, ಗದಗ ಕಡೆಯ ಕಾಲೇಜುಗಳಿಂದ ನನಗೆ ಫೋನ್ ಬರುತ್ತವೆ. “ಮೇಡಂ, ನಮ್ಮಲ್ಲಿ ಒಬ್ಬ ಅಂಗವಿಕಲ ಹುಡುಗ ಅದಾನ್ರಿ. ಪಾಪ, ಅವಂಗ ನಾಕು ಸರಳ ಪ್ರಶ್ನಿ ಕೊಟ್ಟು ಪಾಸ್ ಮಾಡೂಣಲ್ರೀ?”

ಕೇಳುವವರ ಮನಸ್ಸು ಒಳ್ಳೆಯದೇ. ಆದರೆ ಇದೇ ಮಾತು ವರ್ಷಾನುಗಟ್ಟಲೆ ಕೇಳಿ ನನಗೆ ಸಾಕಾಗಿದೆ. ಪರ್ಯಾಯ ಮೌಲ್ಯಮಾಪನ ಅಂದರೆ ಸುಲಭ ಪರೀಕ್ಷೆ ಅಲ್ಲ. ಪ್ರಶ್ನೆಯ ತೂಕ ಅಷ್ಟೇ ಇರಬೇಕು, ಉತ್ತರ ಕೊಡುವ ದಾರಿ ಮಾತ್ರ ಬೇರೆ.

ಹೋದ ವರ್ಷ ಬಿ.ಎ. ಓದುವ ಒಬ್ಬ ಹುಡುಗಿಯ ವಿಷಯ ನನ್ನ ಹತ್ತಿರ ಬಂತು. ಅವಳಿಗೆ ಕಿವಿ ಕೇಳುವುದಿಲ್ಲ, ತುಟಿ ನೋಡಿ ಮಾತು ಹಿಡಿಯುತ್ತಾಳೆ. ಅರ್ಥಶಾಸ್ತ್ರದ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಮೇಷ್ಟ್ರು ತಲೆ ತಗ್ಗಿಸಿ, ಹಾಳೆ ತಿರುವುತ್ತಾ ಪ್ರಶ್ನೆ ಕೇಳಿದ್ದರು. ಅಂಕಪಟ್ಟಿಯಲ್ಲಿ ‘ಉತ್ತರಿಸಲಿಲ್ಲ’ ಅಂತ ಬರೆದಿತ್ತು. ಅದೇ ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದು ಕೊಡಿ ಅಂದೆ. ಬೇಡಿಕೆಯ ಸ್ಥಿತಿಸ್ಥಾಪಕತ್ವದ (ದರ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನುವುದರ) ಬಗ್ಗೆ ಅವಳು ಬರೆದದ್ದು: ‘ಉಳ್ಳಾಗಡ್ಡಿ ದರ ಅರ್ಧಕ್ಕೆ ಬಿದ್ದರೂ ಯಾರೂ ಎರಡು ಪಟ್ಟು ಉಳ್ಳಾಗಡ್ಡಿ ತಿನ್ನುವುದಿಲ್ಲ. ಅದಕ್ಕೇ ಅಪ್ಪನಿಗೆ ನಷ್ಟ.’ ಇದಕ್ಕಿಂತ ಸರಿಯಾದ ಉತ್ತರ ಬೇಕಾ?

ಹಾಗಾಗಿ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಾನು ಏನನ್ನು ಅಳೆಯುತ್ತಿದ್ದೇನೆ? ಇತಿಹಾಸದ ಪೇಪರ್‌ನಲ್ಲಿ ಅಳೆಯುವುದು ಕೈಬರಹದ ವೇಗವನ್ನಲ್ಲ, ಅಲ್ವಾ? ಹಾಗಾದರೆ ಟೈಪ್ ಮಾಡಲಿ, ಬಾಯಲ್ಲಿ ಹೇಳಲಿ. ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಬ್ಯುರೆಟ್‌ನ, ಅಂದರೆ ದ್ರಾವಣವನ್ನು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆಯ, ನಲ್ಲಿ ತಿರುಗಿಸಲು ಕೈ ಬರದಿದ್ದರೆ ಸಹಾಯಕ ತಿರುಗಿಸಲಿ. ಬಣ್ಣ ಬದಲಾದಾಗ ‘ನಿಲ್ಲಿಸಿ’ ಅನ್ನಬೇಕಾದವನು ವಿದ್ಯಾರ್ಥಿ. ಆದರೆ ಕೈಚಳಕವೇ ಆ ಕೋರ್ಸಿನ ಗುರಿಯಾಗಿದ್ದರೆ ದುಡುಕಬೇಡಿ. ಅಲ್ಲಿ ಒಂದೊಂದನ್ನೂ ಬೇರೆಯಾಗಿಯೇ ನೋಡಬೇಕಾಗುತ್ತದೆ.

ಇದು ದಯೆಯ ವಿಷಯವೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಪರೀಕ್ಷಾ ಪದ್ಧತಿಯನ್ನೇ ತಕ್ಕಂತೆ ಬದಲಿಸಬೇಕು ಅನ್ನುತ್ತದೆ. ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಜಾಸ್ತಿ ಸಮಯ. ಮೂರು ಗಂಟೆಯ ಪೇಪರ್‌ಗೆ ಒಂದು ಗಂಟೆ. ‘ಶೇ 40ರಷ್ಟು ಅಂಗವೈಕಲ್ಯದ ಸರ್ಟಿಫಿಕೇಟ್ ಇಲ್ಲ’ ಅಂತ ಸುಮ್ನೆ ವಾಪಸ್ ಕಳಿಸುವವರೂ ಇದ್ದಾರೆ. ಬರೆಯುವಾಗ ಕೈ ಸೆಟೆದುಕೊಳ್ಳುತ್ತಿದ್ದ ಒಬ್ಬ ಅಭ್ಯರ್ಥಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ: ಸ್ಕ್ರೈಬ್ (ಹೇಳಿದ ಉತ್ತರವನ್ನು ಬರೆದುಕೊಡುವವರು) ಕೊಡಲು ಶೇ 40 ಇರಲೇಬೇಕೆಂದಿಲ್ಲ. ಆದರೆ ವೈದ್ಯರ ಪತ್ರ ಇಟ್ಟುಕೊಂಡಿರಿ. ಪರೀಕ್ಷಾ ವಿಭಾಗಕ್ಕೆ ಸೆಮಿಸ್ಟರ್ ಶುರುವಿನಲ್ಲೇ ಬರೆದು ಕೊಡಿ. ಹಾಲ್ ಟಿಕೆಟ್ ಬಂದ ಮೇಲೆ ನನಗೆ ಫೋನ್ ಮಾಡಿದರೆ ನಾನಾದರೂ ಏನು ಮಾಡಲಿ?

ಆ ಹುಡುಗಿಯ ಈ ಸಲದ ವೈವಾಕ್ಕೆ ಅದೇ ಮೇಷ್ಟ್ರು ಪ್ರಶ್ನೆಗಳನ್ನು ಬೋರ್ಡ್ ಮೇಲೆ ಬರೆದರಂತೆ. ಉಳಿದ ಮಕ್ಕಳೂ ಬೋರ್ಡ್ ನೋಡಿಯೇ ಉತ್ತರ ಹೇಳಿದರಂತೆ.