ತಂತಿ ತಂತಿಯನ್ನು ಸೆಳೆಯುವುದೇಕೆ?

1820ರಲ್ಲಿ ಕೋಪನ್‌ಹೇಗನ್‌ನ ಪ್ರೊಫೆಸರ್ ಓರ್‌ಸ್ಟೆಡ್ ಒಂದು ತಂತಿಯಲ್ಲಿ ಕರೆಂಟ್ ಹರಿಸಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗಿತು. ಸುದ್ದಿ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ತಲುಪಿತು. ಅಲ್ಲಿದ್ದ ವಿಜ್ಞಾನಿ ಆಂಪೇರ್ ಕೆಲವೇ ವಾರಗಳಲ್ಲಿ ಇನ್ನೂ ಮುಂದೆ ಹೋದರು. ಅಯಸ್ಕಾಂತವೇ ಬೇಡ, ಬರೀ ಎರಡು ತಂತಿ ಸಾಕು ಎಂದು ತೋರಿಸಿದರು. ಅಕ್ಕಪಕ್ಕದ ತಂತಿಗಳಲ್ಲಿ ಕರೆಂಟ್ ಒಂದೇ ದಿಕ್ಕಿಗೆ ಹರಿದರೆ ಅವು ಒಂದನ್ನೊಂದು ಸೆಳೆಯುತ್ತವೆ. ದಿಕ್ಕು ಎದುರುಬದುರಾದರೆ ದೂರ ತಳ್ಳುತ್ತವೆ.

ಇದರಲ್ಲೇನು ವಿಶೇಷ ಅಂತೀರಾ? ಎರಡೂ ತಂತಿಯಲ್ಲಿ ಓಡುವುದು ಋಣ ಚಾರ್ಜ್‌ನ ಎಲೆಕ್ಟ್ರಾನುಗಳೇ. ಒಂದೇ ಬಗೆಯ ಚಾರ್ಜ್‌ಗಳು ದೂರ ತಳ್ಳುತ್ತವೆ ಎಂದು ಶಾಲೆಯಲ್ಲೇ ಓದಿರುತ್ತೇವೆ. ಹಾಗಾದರೆ ಈ ಸೆಳೆತ ಎಲ್ಲಿಂದ ಬಂತು?

ಮೊದಲು ತಂತಿಯೊಳಗೆ ಎಷ್ಟು ಚಾರ್ಜ್ ಇದೆ ನೋಡೋಣ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ, ಉದ್ದ ಒಂದೇ ಮೀಟರ್. ಅದರಲ್ಲಿ ಓಡಾಡಬಲ್ಲ ಎಲೆಕ್ಟ್ರಾನುಗಳ ಒಟ್ಟು ಚಾರ್ಜ್ ಸುಮಾರು 13,600 ಕೂಲಮ್ (ಕೂಲಮ್ ಎಂದರೆ ಚಾರ್ಜ್‌ನ ಅಳತೆ). ಇದು ಸಣ್ಣ ಸಂಖ್ಯೆ ಅಲ್ಲವೇ ಅಲ್ಲ. ತಲಾ ಒಂದೇ ಕೂಲಮ್ ಚಾರ್ಜ್ ಇರುವ ಎರಡು ಗುಂಡುಗಳನ್ನು ಒಂದು ಮೀಟರ್ ದೂರದಲ್ಲಿಟ್ಟರೆ ಅವುಗಳ ನಡುವಿನ ಬಲ 900 ಕೋಟಿ ನ್ಯೂಟನ್. ಅಂದರೆ ಒಂಬತ್ತು ಲಕ್ಷ ಟನ್ ತೂಕದಷ್ಟು! ಆದರೂ ತಂತಿ ನಮ್ಮ ಕೈಯಲ್ಲಿ ಸುಮ್ನೆ ಬಿದ್ದಿರುತ್ತದೆ. ಯಾಕೆಂದರೆ ಆ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟ ತಾಮ್ರದ ಪರಮಾಣುಗಳಲ್ಲಿ, ಅಂದರೆ ಅಯಾನುಗಳಲ್ಲಿ, ಅಷ್ಟೇ ಧನ ಚಾರ್ಜ್ ಇದೆ. ಒಂದು ತಳ್ಳಿದಷ್ಟನ್ನೇ ಇನ್ನೊಂದು ಸೆಳೆಯುತ್ತದೆ. ಲೆಕ್ಕ ಸೊನ್ನೆ.

ಈಗ ಆ ತಂತಿಯಲ್ಲಿ ಒಂದು ಆಂಪೇರ್ ಕರೆಂಟ್ ಹರಿಸಿ. ಸ್ವಿಚ್ ಒತ್ತಿದ ಕೂಡಲೇ ದೀಪ ಹತ್ತುತ್ತದೆ, ಹಾಗಾಗಿ ಎಲೆಕ್ಟ್ರಾನುಗಳು ಮಿಂಚಿನ ವೇಗದಲ್ಲಿ ಓಡುತ್ತವೆ ಎಂದೇ ತುಂಬಾ ಜನ ನಂಬಿದ್ದಾರೆ. ನಿಜಕ್ಕೂ ಅವು ಮುಂದೆ ಸಾಗುವ ಸರಾಸರಿ ವೇಗ ಸೆಕೆಂಡಿಗೆ 0.07 ಮಿಲಿಮೀಟರ್. ಬಸವನಹುಳು ಇದಕ್ಕಿಂತ ಎಷ್ಟೋ ಜೋರು. (ತಂತಿಯುದ್ದಕ್ಕೂ ವೇಗವಾಗಿ ಹರಡುವುದು ವಿದ್ಯುತ್ ಕ್ಷೇತ್ರ, ಎಲೆಕ್ಟ್ರಾನಲ್ಲ.)

ಇಲ್ಲಿಗೆ ಐನ್‌ಸ್ಟೈನ್ ಬರುತ್ತಾರೆ. ಅವರ 1905ರ ಸಾಪೇಕ್ಷತಾ ಲೇಖನ ಶುರುವಾಗುವುದು ರಾಕೆಟ್ಟಿನಿಂದಲೋ ನಕ್ಷತ್ರದಿಂದಲೋ ಅಲ್ಲ, ಅಯಸ್ಕಾಂತ ಮತ್ತು ತಂತಿಯಿಂದ. ಚಲಿಸುವ ವಸ್ತು ಚಲನೆಯ ದಿಕ್ಕಿನಲ್ಲಿ ಕುಗ್ಗಿದಂತೆ ಕಾಣುತ್ತದೆ ಎನ್ನುತ್ತದೆ ಸಾಪೇಕ್ಷತಾ ಸಿದ್ಧಾಂತ. ನೀವೇ ಎರಡನೇ ತಂತಿಯ ಒಂದು ಎಲೆಕ್ಟ್ರಾನ್ ಅಂದುಕೊಳ್ಳಿ. ಮೊದಲ ತಂತಿಯ ಎಲೆಕ್ಟ್ರಾನುಗಳು ನಿಮ್ಮ ಜೊತೆಗೇ ಸಾಗುತ್ತಿವೆ, ಹಾಗಾಗಿ ನಿಮ್ಮ ಪಾಲಿಗೆ ಅವು ನಿಂತೇ ಇವೆ. ಅಯಾನುಗಳು ಮಾತ್ರ ಹಿಂದಕ್ಕೆ ಓಡುತ್ತಿವೆ. ಓಡುವ ಅಯಾನುಗಳ ನಡುವಿನ ಅಂತರ ನಿಮಗೆ ಕೊಂಚ ಕುಗ್ಗಿ ಕಾಣುತ್ತದೆ, ನಿಂತ ಎಲೆಕ್ಟ್ರಾನುಗಳ ನಡುವಿನ ಅಂತರ ಕೊಂಚ ಹಿಗ್ಗಿ ಕಾಣುತ್ತದೆ. ಅಂದರೆ ಪ್ರತಿ ಮೀಟರಿನಲ್ಲಿ ಧನ ಚಾರ್ಜ್ ಕೊಂಚ ಜಾಸ್ತಿ. ಸೊನ್ನೆಯಾಗಿದ್ದ ಲೆಕ್ಕ ತಪ್ಪಿತು, ನಿಮ್ಮನ್ನು ಆ ತಂತಿ ಎಳೆಯಿತು. ಹೊರಗೆ ನಿಂತವರು ಇದನ್ನೇ ಕಾಂತ ಬಲ ಎನ್ನುತ್ತಾರೆ.

ಆ ‘ಕೊಂಚ’ ಎಷ್ಟು ಗೊತ್ತಾ? ಎಲೆಕ್ಟ್ರಾನಿನ ವೇಗವನ್ನು ಬೆಳಕಿನ ವೇಗದಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ದಶಾಂಶ ಬಿಂದುವಿನ ನಂತರ 25 ಸೊನ್ನೆ, ಆಮೇಲೆ ಒಂದು 6. ಇಷ್ಟು ಚಿಕ್ಕ ಪಾಲೂ ನಮ್ಮ ಕಣ್ಣಿಗೆ ಬೀಳುವುದು ಆ 13,600 ಕೂಲಮ್‌ನಿಂದಾಗಿ. ತಲಾ ಒಂದು ಆಂಪೇರ್ ಹರಿಯುವ, ಒಂದು ಮೀಟರ್ ದೂರದಲ್ಲಿರುವ ಎರಡು ತಂತಿಗಳ ನಡುವೆ ಕೊನೆಗೆ ಸಿಗುವ ಬಲ, ಪ್ರತಿ ಮೀಟರ್ ಉದ್ದಕ್ಕೆ, ಒಂದು ನ್ಯೂಟನ್ನಿನ ಕೋಟಿಯಲ್ಲಿ ಎರಡು ಪಾಲು. 2019ರವರೆಗೆ ಆಂಪೇರ್ ಎಂಬ ಅಳತೆಯನ್ನು ಈ ಬಲದ ಮೇಲೆಯೇ ನಿರ್ಧರಿಸಿದ್ದರು. ತಂತಿಯನ್ನು ನೂರಾರು ಸುತ್ತು ಸುತ್ತಿ ನಡುವೆ ಕಬ್ಬಿಣ ಇಟ್ಟರೆ, ಇದೇ ಬಲ ಬೋರ್‌ವೆಲ್ ಮೋಟಾರನ್ನು ತಿರುಗಿಸುತ್ತದೆ.

ಒಂದು ಮಾತು ಬಾಕಿ ಇದೆ. ಫ್ರಿಜ್ ಬಾಗಿಲಿನ ಅಯಸ್ಕಾಂತದಲ್ಲಿ ಯಾವ ಬ್ಯಾಟರಿಯೂ ಇಲ್ಲ, ಕರೆಂಟೂ ಹರಿಯುತ್ತಿಲ್ಲ. ಅಲ್ಲಿನ ಕಾಂತತೆ ಮುಖ್ಯವಾಗಿ ಬರುವುದು ಎಲೆಕ್ಟ್ರಾನುಗಳ ಸ್ಪಿನ್ ಎಂಬ ಗುಣದಿಂದ. ಅದು ಕ್ವಾಂಟಮ್ ಭೌತಶಾಸ್ತ್ರದ ವಿಷಯ. ಕುಗ್ಗುವ ಅಂತರದ ಈ ಲೆಕ್ಕ ಅಲ್ಲಿ ಸಾಲುವುದಿಲ್ಲ.