ಗಾಂಜಾ ಕೇಸು: 5 ಗ್ರಾಮಿಗೂ 900 ಗ್ರಾಮಿಗೂ ಒಂದೇ ಕಲಂ

ಜೇಬಿನಲ್ಲಿ 5 ಗ್ರಾಂ ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದ ಹುಡುಗನಿಗೂ, ಬ್ಯಾಗಿನಲ್ಲಿ 900 ಗ್ರಾಂ ತುಂಬಿಕೊಂಡವನಿಗೂ ನಮ್ಮಲ್ಲಿ ಒಂದೇ ಕಲಂ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ ಲೆಕ್ಕದಲ್ಲಿ 1 ಕೆಜಿಗಿಂತ ಕಡಿಮೆ ಇದ್ದರೆ ಎಲ್ಲವೂ ಅಲ್ಪ ಪ್ರಮಾಣವೇ. 1 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸೇದಿದ್ದಕ್ಕೆ 27ನೇ ಕಲಂ ಬೇರೆ. ಗಾಂಜಾ ಲೀಗಲ್ ಆಗಬೇಕಾ ಬೇಡ್ವಾ ಅಂತ ಟಿವಿಯಲ್ಲಿ ಜಗಳ ನಡೆಯುತ್ತಲೇ ಇರುತ್ತದೆ. ಇಂಥ ಕೇಸು ನಡೆಸುವ ವಕೀಲನಾಗಿ ನನ್ನನ್ನು ಕಾಡುವುದು ಈ ಒಂದು ಕೆಜಿ ಗೆರೆ.

ಮೊದಲ ವಾಯಿದೆಗೇ ಮನೆಯವರು ಕೇಳುತ್ತಾರೆ: "ಒಪ್ಕೊಂಡು ದಂಡ ಕಟ್ಟಿಬಿಡೋಣ ಸಾರ್, ಇಲ್ಲಿಗೆ ಮುಗೀಲಿ." ಮುಗಿಯುವುದಿಲ್ಲ. ಅದು ಅಪರಾಧ ಸಾಬೀತಾದ ತೀರ್ಪು. ನಾಳೆ ಸರ್ಕಾರಿ ಕೆಲಸಕ್ಕೆ ಪೊಲೀಸ್ ವೆರಿಫಿಕೇಶನ್ ಬಂದಾಗ ಅದು ಎದುರಿಗೆ ಬಂದು ನಿಲ್ಲುತ್ತದೆ. ಒಪ್ಪಿಕೊಳ್ಳದೆ ಕೇಸು ನಡೆಸಿದರೆ, ಅದು ಮುಗಿಯುವ ತನಕ ಪಾಸ್‌ಪೋರ್ಟಿಗೆ ತೊಂದರೆ.

64ಎ ಅಂತ ಒಂದು ಕಲಂ ಇದೆ. ಚಟಕ್ಕೆ ಬಿದ್ದವನು ತಾನಾಗಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆ ಪೂರ್ತಿ ಮಾಡಿಸಿಕೊಂಡರೆ ಕೇಸಿನಿಂದ ಪಾರಾಗಬಹುದು. ಒಳ್ಳೆಯ ಕಲಂ. ಆದರೆ ಅದು ಬರೆದಿರುವುದು ವ್ಯಸನಿಗೆ. ಕಾಲೇಜಿನಲ್ಲಿ ಗೆಳೆಯರ ಜೊತೆ ಒಂದೆರಡು ಸಲ ಸೇದಿದವನು ವ್ಯಸನಿಯೇ ಅಲ್ಲ, ಹಾಗಾಗಿ ಅವನಿಗೆ ಈ ದಾರಿ ಇಲ್ಲ. ಚಟ ಅಂಟಿದವನು ಬಚಾವ್, ಅಂಟದವನಿಗೆ ಶಿಕ್ಷೆ! ಇದು ಯಾವ ನ್ಯಾಯ?

ತೂಕದ ವಿಷಯಕ್ಕೆ ಬನ್ನಿ. ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂ, ಕಾಯಿ ಇರುವ ತುದಿ ಮಾತ್ರ. ತುದಿಯ ಜೊತೆಗಿಲ್ಲದ ಎಲೆ, ಬೀಜ ಲೆಕ್ಕಕ್ಕಿಲ್ಲ. ಬರೀ ಎಲೆಯಿಂದ ಮಾಡಿದ ಭಂಗಿ ಈ ಕಾಯ್ದೆಗೆ ಬರುವುದಿಲ್ಲ ಎಂದು ನಮ್ಮ ಹೈಕೋರ್ಟೇ 2022ರಲ್ಲಿ ಹೇಳಿದೆ. ಆದರೆ ಮಹಜರು ಓದಿ ನೋಡಿ, ಎಷ್ಟೋ ಕಡೆ ಎಲೆ, ಕಾಂಡ, ಬೀಜ, ತುದಿ ಎಲ್ಲ ಒಂದೇ ಚೀಲದಲ್ಲಿ ತಕ್ಕಡಿಗೆ ಹೋಗಿರುತ್ತದೆ, ಒಣಗಿದೆಯಾ ಹಸಿಯಾ ಅಂತಲೂ ಬರೆದಿರುವುದಿಲ್ಲ. ಹೀಗೆ ತೂಕ ಏರಿ 20 ಕೆಜಿ ದಾಟಿದರೆ ಕನಿಷ್ಠ 10 ವರ್ಷ, ಜಾಮೀನು ಬಲು ಕಷ್ಟ. ತೂಕದ ಮೇಲೆ ನಿಂತಿರುವ ಕಾನೂನಿನಲ್ಲಿ ತೂಕ ಹಾಕುವುದೇ ಹೀಗೆ.

ರಾಜಕೀಯದವರಿಗೆ ಇದು ಗೊತ್ತಿಲ್ಲ ಅಂತಲ್ಲ. 2020ರ ಡಿಸೆಂಬರ್‌ನಲ್ಲಿ ಗಾಂಜಾವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆಯಲು ವಿಶ್ವಸಂಸ್ಥೆಯ ಆಯೋಗದಲ್ಲಿ 27-25ರಲ್ಲಿ ನಿರ್ಣಯ ಗೆದ್ದಾಗ ಭಾರತವೂ ಪರವಾಗಿ ವೋಟು ಹಾಕಿತ್ತು. ಮರುವರ್ಷ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವೇ ಸ್ವಂತ ಬಳಕೆಯ ಸಣ್ಣ ಪ್ರಮಾಣವನ್ನು ಅಪರಾಧದ ಪಟ್ಟಿಯಿಂದ ಕೈಬಿಡಿ ಎಂದು ಸಲಹೆ ಕೊಟ್ಟಿತು. ಕಾನೂನು ಬದಲಾಗಲಿಲ್ಲ. ಡ್ರಗ್ಸ್ ಪರ ಎಂಬ ಹಣೆಪಟ್ಟಿ ಯಾವ ಪಕ್ಷಕ್ಕೂ ಬೇಡ.

ಗಾಂಜಾ ಏನೂ ಮಾಡಲ್ಲ ಅಂತ ನಾನು ಹೇಳುತ್ತಿಲ್ಲ. ಚಿಕ್ಕ ವಯಸ್ಸಿನಲ್ಲಿ ಜಾಸ್ತಿ ಸೇದಿ ಮನಸ್ಸು ಕೆಡಿಸಿಕೊಂಡವರ ತಾಯಂದಿರು ನನ್ನ ಆಫೀಸಿಗೂ ಬರುತ್ತಾರೆ. ಅವರ ಮಕ್ಕಳಿಗೆ ಬೇಕಿರುವುದು ಡಾಕ್ಟರು. ಪೋರ್ಚುಗಲ್ 2001ರಲ್ಲಿ ಇದನ್ನೇ ಮಾಡಿತು: ಸಣ್ಣ ಪ್ರಮಾಣದಲ್ಲಿ ಸಿಕ್ಕವರನ್ನು ಕೋರ್ಟಿಗೆ ಬದಲು ಒಂದು ಸಮಿತಿಯ ಮುಂದೆ ಕಳಿಸಿತು. ಮಾರಾಟ ಅಪರಾಧವಾಗಿಯೇ ಉಳಿಯಿತು.

ಇಲ್ಲೂ ಮಾಡಬಹುದು. 1 ಕೆಜಿ ಯಾರ ಸ್ವಂತ ಬಳಕೆಯೂ ಅಲ್ಲ, ಅಲ್ವಾ? ಕೆಲವೇ ಗ್ರಾಮಿಗೆ ಬೇರೆ ಗೆರೆ ಎಳೆದು, ಅದರೊಳಗೆ ಸಿಕ್ಕವನ ಮೇಲೆ ಕೇಸು ಬೇಡ ಎಂದು ಬರೆಯಲಿ. ಅದಕ್ಕೆ ಸಂಸತ್ತಿನ ತಿದ್ದುಪಡಿ ಬೇಕು, ರಾಜ್ಯದ ಕೈಯಲ್ಲಿಲ್ಲ. ಆದರೆ 7 ವರ್ಷದೊಳಗಿನ ಶಿಕ್ಷೆಯ ಕೇಸುಗಳಲ್ಲಿ ಸುಮ್ನೆ ಬಂಧಿಸಬೇಡಿ, ನೋಟಿಸ್ ಕೊಟ್ಟು ಕರೆಸಿ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಸಣ್ಣ ಗಾಂಜಾ ಕೇಸುಗಳಲ್ಲಿ ಅದನ್ನು ಪಾಲಿಸಲು ಸಂಸತ್ತಿಗೆ ಕಾಯಬೇಕಿಲ್ಲ, ಠಾಣೆಗಳಿಗೆ ರಾಜ್ಯದಿಂದ ಒಂದು ಸುತ್ತೋಲೆ ಹೋದರೆ ಸಾಕು.